ಬ್ರೇಕ್ ಸದ್ದು ಮಾಡುತ್ತಿದೆಯಾ? ಯಾವಾಗ ಅನ್ನುವುದನ್ನು ಮೊದಲು ಹಿಡಿಯಿರಿ

ಗ್ಯಾರೇಜಿಗೆ ಹೋಗಿ "ಬ್ರೇಕ್ ಸೌಂಡ್ ಬರ್ತಿದೆ" ಅಂದರೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡೇ. ಒಂದು, "ಪ್ಯಾಡ್ ಚೇಂಜ್ ಮಾಡ್ಬೇಕು ಸಾರ್." ಇನ್ನೊಂದು, "ಬಿಚ್ಚಿ ಉಜ್ಜಿ ಕೊಡ್ತೀನಿ, ಸರಿ ಹೋಗತ್ತೆ." ಕೆಲವೊಮ್ಮೆ ಎರಡೂ ಸರಿಯೇ. ಆದರೆ ಚಕ್ರ ಬಿಚ್ಚುವ ಮೊದಲೇ ಪ್ಯಾಡಿನ ಮೇಲೆ ತಪ್ಪು ಹೊರಿಸಿ ಆಗಿರುತ್ತದೆ. ಸಿಕ್ಕಿಕೊಂಡ ಜಲ್ಲಿ ಚೂರು, ಒಣಗಿದ ಪಿನ್ನು, ಬಿದ್ದುಹೋದ ಕ್ಲಿಪ್ಪು, ತುಕ್ಕು, ಹಳೆಯದಾದ ಬೇರಿಂಗು, ಇವೆಲ್ಲ ಬ್ರೇಕಿನ ಹೆಸರಲ್ಲೇ ಸದ್ದು ಮಾಡುತ್ತವೆ.

ಸದ್ದು ಎಂಥದ್ದು ಅಂತ ಬಾಯಲ್ಲಿ ಹೇಳುವುದು ಕಷ್ಟ. ನಿಮ್ಮ "ಕೀಂಯ್" ಮೆಕ್ಯಾನಿಕ್ ಕಿವಿಗೆ "ಕಿರ್ರ್" ಆಗಿರಬಹುದು. ಯಾವಾಗ ಬರುತ್ತದೆ ಅನ್ನುವುದರಲ್ಲಿ ಮಾತ್ರ ಈ ಗೊಂದಲ ಇಲ್ಲ. ಪೆಡಲ್ ಒತ್ತಿದಾಗಲಾ, ಬಿಟ್ಟಾಗಲಾ? ಬೆಳಿಗ್ಗೆ ಮಾತ್ರವಾ, ದಿನವಿಡೀನಾ? ರಿವರ್ಸ್‌ನಲ್ಲಿ? ತಿರುವಿನಲ್ಲಿ? ಹಂಪ್ ಮೇಲೆ? ಇಷ್ಟಕ್ಕೆ ಉತ್ತರ ಸಿಕ್ಕರೆ ಅರ್ಧಕ್ಕರ್ಧ ಕೆಲಸ ಮುಗಿದ ಹಾಗೆ. ಹಾಗಾಗಿ ಕೆಳಗೆ ಸದ್ದಿನ ಹೆಸರಿಗಿಂತ ಅದು ಬರುವ ಹೊತ್ತನ್ನೇ ಹಿಡಿದು ಹೋಗಿದ್ದೇನೆ.

ನಮ್ಮಲ್ಲಿ ಓಡಾಡುವ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಮುಂದೆ ಡಿಸ್ಕ್ (ಚಕ್ರದ ಜೊತೆ ತಿರುಗುವ ತಟ್ಟೆ, ಎರಡೂ ಬದಿಯಿಂದ ಪ್ಯಾಡ್ ಒತ್ತಿ ಹಿಡಿಯುತ್ತದೆ), ಹಿಂದೆ ಡ್ರಮ್ (ತಿರುಗುವ ಡಬ್ಬಿ, ಒಳಗಿನಿಂದ ಲೈನರ್ ಒತ್ತುತ್ತದೆ). ಹೇಳುವುದೆಲ್ಲ ಆ ಲೆಕ್ಕದಲ್ಲೇ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಇದ್ದರೆ ಡ್ರಮ್ಮಿನ ಭಾಗ ಬಿಟ್ಟು ಓದಿ.

ಇವಿದ್ದರೆ ಪರೀಕ್ಷೆ ಬೇಡ, ಗಾಡಿ ನಿಲ್ಲಿಸಿ

ಪೆಡಲ್ ನೆಲಕ್ಕೆ ಹೋಗುತ್ತಿದೆ, ಅಥವಾ ಒತ್ತಿ ಹಿಡಿದರೆ ನಿಧಾನಕ್ಕೆ ಕೆಳಗಿಳಿಯುತ್ತಿದೆ. ಡ್ಯಾಶ್‌ಬೋರ್ಡಿನಲ್ಲಿ ಬ್ರೇಕಿನ ಕೆಂಪು ದೀಪ ಹ್ಯಾಂಡ್ ಬ್ರೇಕ್ ಇಳಿಸಿದರೂ ಆರುತ್ತಿಲ್ಲ. ಚಕ್ರದ ಒಳಬದಿಯಲ್ಲಿ ಎಣ್ಣೆ ಇಳಿದ ಗುರುತಿದೆ. ಬ್ರೇಕ್ ಒತ್ತಿದರೆ ಕಾರು ಒಂದೇ ಕಡೆಗೆ ಜೋರಾಗಿ ಎಳೆಯುತ್ತದೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಗರಗರ ಸದ್ದು ಪ್ರತಿ ಸಲವೂ ಬರುತ್ತಿದೆ. ಇದರಲ್ಲಿ ಯಾವುದೊಂದು ಇದ್ದರೂ "ಗ್ಯಾರೇಜ್ ತನಕ ನಿಧಾನಕ್ಕೆ ಹೋಗ್ತೀನಿ" ಅನ್ನಬೇಡಿ. ಟೋಯಿಂಗ್‌ಗೆ ಫೋನ್ ಮಾಡಿ.

ಸದ್ದನ್ನು ಹಿಡಿಯುವ ಬಗೆ

ಟ್ರಾಫಿಕ್‌ನಲ್ಲಿ ಏನೂ ಗೊತ್ತಾಗುವುದಿಲ್ಲ. ಭಾನುವಾರ ಬೆಳಿಗ್ಗೆ ಖಾಲಿ ರಸ್ತೆ ನೋಡಿ. ಒಂದು ಬದಿಗೆ ಉದ್ದಕ್ಕೆ ಕಾಂಪೌಂಡ್ ಗೋಡೆ ಇದ್ದರೆ ಬಹಳ ಒಳ್ಳೆಯದು, ಸದ್ದು ಗೋಡೆಗೆ ಬಡಿದು ವಾಪಸ್ ಕಿಟಕಿಯೊಳಗೆ ಬರುತ್ತದೆ. ಹೋಗುವಾಗ ಗೋಡೆ ಎಡಕ್ಕಿದ್ದರೆ ಎಡ ಚಕ್ರಗಳದ್ದು ಕೇಳುತ್ತದೆ, ಬರುವಾಗ ಬಲ ಚಕ್ರಗಳದ್ದು. ಕಿಟಕಿ ಪೂರ್ತಿ ಇಳಿಸಿ, ಎಸಿ, ಹಾಡು ಎರಡೂ ಬಂದ್. ವೇಗ 20ರಿಂದ 30 ಕಿಮೀ ಸಾಕು.

ಮೊದಲು ಬ್ರೇಕ್ ಮುಟ್ಟದೆ ಓಡಿಸಿ. ಆಮೇಲೆ ಮೆಲ್ಲಗೆ ಒತ್ತಿ. ಆಮೇಲೆ ಸ್ವಲ್ಪ ಜೋರಾಗಿ. ನಂತರ ಖಾಲಿ ಜಾಗದಲ್ಲಿ ರಿವರ್ಸ್ ತೆಗೆದು ಬ್ರೇಕ್ ಒತ್ತಿ. ಜೊತೆಗೆ ಯಾರಾದರೂ ಇದ್ದರೆ ಹಿಂದಿನ ಸೀಟಲ್ಲಿ ಕೂರಿಸಿ ಕೇಳಿಸಿಕೊಳ್ಳಲು ಹೇಳಿ. ಸ್ಟೀರಿಂಗ್ ಹಿಂದೆ ಕೂತವರ ಕಿವಿಗೆ ಹಿಂದಿನ ಡ್ರಮ್ಮಿನ ಸದ್ದೂ ಎಷ್ಟೋ ಸಲ ಮುಂದಿನದರಂತೆಯೇ ಕೇಳುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಗ್ಯಾರೇಜ್ ಮುಂದೆ ನಿಂತ ಕೂಡಲೇ ಸದ್ದು ಮಾಯವಾಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ ಅಲ್ವಾ.

ಪೆಡಲ್ ಮುಟ್ಟದೆ ಓಡಿಸುವಾಗ ಇನ್ನೊಂದು ಗಮನಿಸಿ. ಸದ್ದು ಒಂದೇ ಸಮನೆ ಬರುತ್ತಿದೆಯೋ, ಬಿಟ್ಟುಬಿಟ್ಟು "ಶ್... ಶ್... ಶ್..." ಅಂತ ಬರುತ್ತಿದೆಯೋ? ಬಿಟ್ಟುಬಿಟ್ಟು ಬರುತ್ತಾ, ವೇಗ ಏರಿದ ಹಾಗೆ ಹತ್ತಿರ ಹತ್ತಿರವಾದರೆ ಅದು ಚಕ್ರದ ಒಂದೊಂದು ಸುತ್ತಿಗೆ ಒಂದು ಸಲ ತಾಗುತ್ತಿದೆ ಎಂದರ್ಥ.

ತಲೆ ಕೆಡಿಸಿಕೊಳ್ಳಬೇಕಿಲ್ಲದ ಸದ್ದುಗಳು

ರಾತ್ರಿ ಮಳೆ ಬಂದಿದೆ, ಇಲ್ಲವೇ ಹಿಂದಿನ ದಿನ ಕಾರು ತೊಳೆದಿದ್ದೀರಿ. ಬೆಳಿಗ್ಗೆ ಮೊದಲ ಬ್ರೇಕಿಗೆ "ಖರ್ರ್" ಅಂತ ಬಂದು ನಾಲ್ಕಾರು ಬ್ರೇಕ್ ಆದಮೇಲೆ ಮಾಯ. ಡಿಸ್ಕ್ ಬೀಡು ಕಬ್ಬಿಣದ್ದು, ಮೇಲೆ ಬಣ್ಣವಿಲ್ಲ, ರಾತ್ರಿ ಬೆಳಗಾಗುವುದರೊಳಗೆ ತೆಳು ತುಕ್ಕು ಹಿಡಿಯುತ್ತದೆ. ಪ್ಯಾಡ್ ಅದನ್ನು ಉಜ್ಜಿ ತೆಗೆಯುತ್ತದೆ. ಮಂಗಳೂರು, ಕಾರವಾರದ ಕಡೆ ಸಮುದ್ರದ ಉಪ್ಪುಗಾಳಿಗೆ ಇದು ಜಾಸ್ತಿ. ಎಲೆಕ್ಟ್ರಿಕ್ ಕಾರಿನವರಿಗೂ ಇದು ಹೊಸದಲ್ಲ. ಅದರಲ್ಲಿ ಮೋಟಾರೇ ವೇಗ ತಗ್ಗಿಸುವುದರಿಂದ ಪ್ಯಾಡಿಗೆ ಕೆಲಸ ಕಡಿಮೆ, ತುಕ್ಕು ಹಾಗೇ ಕೂತಿರುತ್ತದೆ.

ವಾರಗಟ್ಟಲೆ ನಿಂತ ಕಾರನ್ನು ಹೊರಡಿಸಿದಾಗ ಹಿಂದಿನಿಂದ ಒಂದು "ಟಪ್" ಬರುತ್ತದೆ. ಹ್ಯಾಂಡ್ ಬ್ರೇಕ್ ಎಳೆದೇ ಇಟ್ಟಿದ್ದರೆ ಲೈನರ್ ಡ್ರಮ್ಮಿಗೆ ಅಂಟಿಕೊಂಡಿರುತ್ತದೆ, ಅದು ಬಿಡಿಸಿಕೊಂಡ ಸದ್ದು. ಒಮ್ಮೆ ಬಂದರೆ ಪರವಾಗಿಲ್ಲ. ಮಳೆಗಾಲದಲ್ಲಿ ಕಾರು ಬಿಟ್ಟು ಊರಿಗೆ ಹೋಗುವುದಿದ್ದರೆ ಸಮತಟ್ಟು ಜಾಗದಲ್ಲಿ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಇಳಿಸಿಡುವುದು ವಾಸಿ.

ಜೋರಾಗಿ ಬ್ರೇಕ್ ಒತ್ತಿದಾಗ ಕಾಲಿನ ಕೆಳಗೆ "ಗರ್ರ್ ಗರ್ರ್" ಅಂತ ಪೆಡಲ್ ನಡುಗಿದರೆ ಅದು ಎಬಿಎಸ್, ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ವ್ಯವಸ್ಥೆ. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಅದು ಕಡ್ಡಾಯ. ಹಳೇ ಕಾರಿನಿಂದ ಹೊಸದಕ್ಕೆ ಬಂದವರು ಮೊದಲ ಸಲ ಇದಕ್ಕೆ ಹೆದರಿ ಕಾಲು ತೆಗೆದುಬಿಡುತ್ತಾರೆ. ತೆಗೆಯಬೇಡಿ, ಒತ್ತಿಯೇ ಇರಿ. ಕೆಲವು ಕಾರುಗಳಲ್ಲಿ ಹೊರಟ ಸ್ವಲ್ಪ ಹೊತ್ತಿಗೆ ಬಾನೆಟ್ ಕೆಳಗೆ ಒಂದು ಸಣ್ಣ "ಗುಂಯ್" ಬರುತ್ತದೆ. ಎಬಿಎಸ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಅದು.

ಆಟೊಮ್ಯಾಟಿಕ್ ಕಾರಿನಲ್ಲಿ ಸಿಗ್ನಲ್ ಬಿಟ್ಟಾಗ, ಪೆಡಲಿನಿಂದ ನಿಧಾನಕ್ಕೆ ಕಾಲು ತೆಗೆಯುತ್ತಿದ್ದರೆ "ಗೂಂ..." ಅನ್ನುವುದೂ ಮಾಮೂಲು. ಪೂರ್ತಿ ಬಿಟ್ಟರೆ ನಿಲ್ಲುತ್ತದೆ.

ಪೆಡಲ್ ಒತ್ತಿದಾಗ ಕೀಂಯ್

ಎಲ್ಲರನ್ನೂ ಕಾಡುವ ಸದ್ದು ಇದೇ. ಪಿಟೀಲಿನ ತಂತಿ ಮೇಲೆ ಕಮಾನು ಎಳೆದಾಗ ಆಗುವುದೇ ಇಲ್ಲೂ ಆಗುತ್ತದೆ. ಪ್ಯಾಡ್ ಡಿಸ್ಕಿಗೆ ಅಂಟಿ, ಜಾರಿ, ಅಂಟಿ, ಜಾರಿ, ಸೆಕೆಂಡಿಗೆ ಸಾವಿರಾರು ಸಲ ಅದುರುತ್ತದೆ. ಈ ಅದುರು ಹುಟ್ಟದಂತೆ ತಡೆಯಲೆಂದೇ ಪ್ಯಾಡಿನ ಬೆನ್ನಿಗೆ ತೆಳು ತಗಡಿನ ಶಿಮ್, ಎರಡು ತುದಿಗೆ ಸ್ಪ್ರಿಂಗ್ ಕ್ಲಿಪ್ ಕೊಟ್ಟಿರುತ್ತಾರೆ. ಪ್ಯಾಡ್ ಬದಲಿಸಿದ ಮೇಲೆ ಸದ್ದು ಶುರುವಾಗಿದ್ದರೆ ಮೊದಲ ಅನುಮಾನ ಇವುಗಳ ಮೇಲಿರಲಿ. ಹಳೇ ಶಿಮ್ ಎಸೆದು, ಕ್ಲಿಪ್ ಹಾಕದೇ ಪ್ಯಾಡ್ ಮಾತ್ರ ತುರುಕುವುದು ಅವಸರದ ಗ್ಯಾರೇಜುಗಳಲ್ಲಿ ನಡೆಯುವ ಸಂಗತಿ.

ಪ್ಯಾಡ್ ಸವೆದರೂ ಕೀಂಯ್ ಬರುತ್ತದೆ. ಎಷ್ಟೋ ಪ್ಯಾಡುಗಳಲ್ಲಿ ಒಂದು ಸಣ್ಣ ಉಕ್ಕಿನ ನಾಲಗೆ ಇರುತ್ತದೆ. ಲೈನಿಂಗ್, ಅಂದರೆ ಪ್ಯಾಡಿನಲ್ಲಿ ಡಿಸ್ಕಿಗೆ ಉಜ್ಜುವ ಪದರ, ಸವೆದು ತೀರಾ ತೆಳುವಾಗುವ ಹೊತ್ತಿಗೆ ಆ ನಾಲಗೆ ಡಿಸ್ಕಿಗೆ ತಾಗಿ ಕಿರುಚುತ್ತದೆ. ಬೇಕೆಂದೇ ಇಟ್ಟ ಎಚ್ಚರಿಕೆ ಅದು. ಇದರ ಗುರುತು ಏನೆಂದರೆ, ಬ್ರೇಕ್ ಒತ್ತದಿದ್ದಾಗಲೂ ಸಣ್ಣಗೆ ಕೀಂಯ್ ಅನ್ನುತ್ತಿರಬಹುದು, ಒತ್ತಿದರೆ ನಿಲ್ಲಲೂಬಹುದು. "ಬ್ರೇಕ್ ಹಾಕಿದ್ರೆ ಸದ್ದು ಹೋಗುತ್ತೆ, ಹಾಗಾಗಿ ಬ್ರೇಕಿಂದಲ್ಲ" ಅಂತ ವಾದ ಮಾಡುವವರು ಇಲ್ಲೇ ಎಡವುವುದು.

ಮೂರನೆಯದು ಪ್ಯಾಡ್ ಸುಟ್ಟು ಗಟ್ಟಿಯಾಗುವುದು. ತುಂಬಾ ಬಿಸಿಯಾದ ಪ್ಯಾಡಿನ ಮೈ ಗಾಜಿನಂತಾಗಿ ಮಿರಮಿರ ಹೊಳೆಯುತ್ತದೆ, ಹಿಡಿತವೂ ಕಮ್ಮಿ. ಮರಳು ಕಾಗದದಲ್ಲಿ ಉಜ್ಜಿದರೆ ಸರಿಹೋಗುವುದು ಇದೊಂದೇ, ಅದೂ ಲೈನಿಂಗ್ ದಪ್ಪ ಇನ್ನೂ ಚೆನ್ನಾಗಿದ್ದರೆ. ಉಜ್ಜಿಸಿದ ಸ್ವಲ್ಪ ದಿನಕ್ಕೇ ಸದ್ದು ವಾಪಸ್ ಬಂದರೆ ಪ್ಯಾಡ್ ಯಾಕೆ ಸುಟ್ಟಿತು ಅಂತ ಹುಡುಕಬೇಕು. ಮತ್ತೆ ಉಜ್ಜಿಸಿ ಪ್ರಯೋಜನವಿಲ್ಲ.

ಅಗ್ಗದ ಪ್ಯಾಡಿನ ವಿಷಯ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಒಂದೇ ಕಾರಿಗೆ ಬೇರೆ ಬೇರೆ ಬೆಲೆಯ ಪ್ಯಾಡು ಸಿಗುತ್ತವೆ. ಲೋಹದ ಪುಡಿ ಜಾಸ್ತಿ ಇರುವ ಪ್ಯಾಡು ಬಿಸಿ ತಡೆಯುತ್ತದೆ, ಆದರೆ ಸದ್ದೂ ಜಾಸ್ತಿ, ಡಿಸ್ಕನ್ನೂ ಹೆಚ್ಚು ಸವೆಸುತ್ತದೆ. ಅದು ದೋಷವಲ್ಲ, ಅದರ ಗುಣ. ಊರೊಳಗೆ ಆಫೀಸು, ಮನೆ ಅಂತ ಓಡಾಡುವ ಕಾರಿಗೆ ಅದು ಬೇಕಾಗಿಯೂ ಇಲ್ಲ. ನಕಲಿ ಪ್ಯಾಡ್ ಮಾತ್ರ ಬೇರೆ ಮಾತು. ಬಿಲ್ಲು ಕೊಡದ ಕಡೆ ಬ್ರೇಕಿನ ಸಾಮಾನು ಕೊಳ್ಳಲೇಬೇಡಿ.

ಕೀಂಯ್ ತಡೆಯಲು ಡಿಸ್ಕಿನ ಮೇಲೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವವರೂ ಇದ್ದಾರೆ. ಸದ್ದು ನಿಲ್ಲುತ್ತದೆ, ನಿಜ. ಬ್ರೇಕೂ ನಿಲ್ಲುತ್ತದೆ. ಎಣ್ಣೆ ಕುಡಿದ ಪ್ಯಾಡನ್ನು ಎಸೆಯುವುದೊಂದೇ ದಾರಿ.

ಗರಗರ: ಹೊರಗಿನ ಪ್ಯಾಡ್ ನೋಡಿ ಮೋಸ ಹೋಗಬೇಡಿ

ಪರಿಚಯದವರೊಬ್ಬರ ಕಾರು. ಕೀಂಯ್ ಅಂತ ಒಂದು ಗ್ಯಾರೇಜಿಗೆ ಕೊಟ್ಟರು, ಪ್ಯಾಡ್ ಉಜ್ಜಿ ಕಳಿಸಿದರು. ಸ್ವಲ್ಪ ದಿನ ಸುಮ್ಮನಿತ್ತು. ಆಮೇಲೆ ಎಡಗಡೆ ಮುಂದಿನ ಚಕ್ರದಿಂದ ಗರಗರ ಶುರು. ಅಲಾಯ್ ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಪ್ಯಾಡ್ ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಡಿಸ್ಕಿನ ಹೊರಮೈಯೂ ನುಣ್ಣಗಿದೆ. "ನೋಡಿ, ಪ್ಯಾಡ್ ಇದೆಯಲ್ಲ, ಬೇರಿಂಗ್ ಇರ್ಬೇಕು" ಅಂದರು ಕಾರಿನವರು.

ಚಕ್ರ ಬಿಚ್ಚಿ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಎತ್ತಿದಾಗ ಕಂಡದ್ದೇ ಬೇರೆ. ಒಳಗಿನ ಪ್ಯಾಡಿನಲ್ಲಿ ಲೈನಿಂಗೇ ಇರಲಿಲ್ಲ. ಬರೀ ಕಬ್ಬಿಣದ ತಗಡು ಡಿಸ್ಕಿನ ಒಳಮೈಯನ್ನು ಉಜ್ಜಿ, ಬೆರಳು ಹಾಕಿದರೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆ ಮಾಡಿತ್ತು. ಹೊರಗಿನ ಪ್ಯಾಡ್ ಮಾತ್ರ ಆರಾಮಾಗಿ ಕೂತಿತ್ತು.

ಕಾರಣ ಕ್ಯಾಲಿಪರ್ ಪಿನ್. ಸಣ್ಣ ಕಾರುಗಳ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಳಬದಿಗೆ ಮಾತ್ರ. ಅದು ಒಳಗಿನ ಪ್ಯಾಡನ್ನು ತಳ್ಳುತ್ತದೆ. ತಳ್ಳಿದ ಬಲಕ್ಕೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ, ಹೊರಗಿನ ಪ್ಯಾಡನ್ನು ಎಳೆದು ತರುತ್ತದೆ. ಪಿನ್ನಿನ ರಬ್ಬರ್ ಬೂಟು ಹರಿದು, ನೀರು ಹೋಗಿ ತುಕ್ಕು ಹಿಡಿದರೆ ಕ್ಯಾಲಿಪರ್ ಜಾರುವುದಿಲ್ಲ. ಆಗ ಕೆಲಸವೆಲ್ಲ ಒಳಗಿನ ಪ್ಯಾಡಿನ ತಲೆಗೆ. ನಮಗೆ ಸಂದಿಯಿಂದ ಕಾಣುವುದು ಹೊರಗಿನದು. ಆ ಕಾರಿನ ಕೆಳಗಿನ ಪಿನ್ನನ್ನು ಕೈಯಲ್ಲಿ ಎಳೆದರೆ ಬರಲಿಲ್ಲ, ಸ್ಪ್ಯಾನರ್ ಹಾಕಿ ತಿರುಗಿಸಿ ತಿರುಗಿಸಿ ಎಳೆಯಬೇಕಾಯಿತು. ಬಂದದ್ದು ಕೆಂಪಗಿತ್ತು, ಮೇಲೆ ಒಣಗಿ ಪುಡಿಯಾದ ಗ್ರೀಸು.

ಇಂಥ ಕಾರಿಗೆ ಹೊಸ ಪ್ಯಾಡ್ ಮಾತ್ರ ಹಾಕಿದರೆ ಅದೂ ಅದೇ ಥರ ಸವೆಯುತ್ತದೆ. ಪಿನ್ ಬಿಚ್ಚಿ ತುಕ್ಕು ತೆಗೆದು, ಗುಳಿ ಬಿದ್ದಿದ್ದರೆ ಹೊಸದು ಹಾಕಿ, ಬೂಟು ಬದಲಿಸಿ, ರಬ್ಬರಿಗೆ ಒಗ್ಗುವ ಬ್ರೇಕ್ ಗ್ರೀಸು ಸವರಬೇಕು. ಗ್ಯಾರೇಜಿನ ಡಬ್ಬಿಯ ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಹಿಡಿದುಕೊಳ್ಳುತ್ತದೆ. ಸರ್ವೀಸಿಗೆ ಕೊಡುವಾಗ "ಕ್ಯಾಲಿಪರ್ ಪಿನ್ ಬಿಚ್ಚಿ ಕ್ಲೀನ್ ಮಾಡಿ, ಗ್ರೀಸ್ ಹಾಕಿ" ಅಂತ ಜಾಬ್ ಕಾರ್ಡಿನಲ್ಲೇ ಬರೆಸಿ. ಬ್ರೇಕ್ ಕೆಲಸದಲ್ಲಿ ಎಲ್ಲಕ್ಕಿಂತ ಅಗ್ಗದ, ಎಲ್ಲರೂ ಬಿಟ್ಟುಬಿಡುವ ಕೆಲಸ ಇದು.

ಲೈನಿಂಗ್ ದಪ್ಪ ಅಳೆಯುವಾಗ ಹಿಂದಿನ ಕಬ್ಬಿಣದ ತಗಡನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹೊಸ ಪ್ಯಾಡಿನ ಲೈನಿಂಗ್ ಸುಮಾರು 10 ಮಿಮೀ ಇರುತ್ತದೆ. 3 ಮಿಮೀಗೆ ಬಂದರೆ ಬದಲಿಸಿಬಿಡಿ. ಡಿಸ್ಕಿಗೂ ಒಂದು ಮಿತಿ ಉಂಟು, ಎಷ್ಟು ಮಿಮೀಗಿಂತ ತೆಳುವಾಗಬಾರದು ಅಂತ ಸಾಮಾನ್ಯವಾಗಿ ಅದರ ಮೇಲೇ ಅಚ್ಚು ಹಾಕಿರುತ್ತಾರೆ. ವರ್ನಿಯರ್ ಹಿಡಿದು ಅಳೆಯುವವರಿಗೆ ಒಂದು ಕಿವಿಮಾತು. ಡಿಸ್ಕಿನ ಅಂಚಿನಲ್ಲಿ ಪ್ಯಾಡ್ ತಾಗದೇ ಉಳಿದ ಒಂದು ದಿಂಡು ಎದ್ದಿರುತ್ತದೆ. ವರ್ನಿಯರಿನ ಬಾಯಿ ಅದರ ಮೇಲೆ ಕೂತರೆ ಡಿಸ್ಕ್ ಇರುವುದಕ್ಕಿಂತ ದಪ್ಪ ತೋರಿಸುತ್ತದೆ. ಎರಡು ಬದಿಗೂ ಒಂದೊಂದು ನಾಣ್ಯ ಇಟ್ಟು, ನಾಣ್ಯ ಸಮೇತ ಅಳೆದು, ಆಮೇಲೆ ಎರಡು ನಾಣ್ಯದ ದಪ್ಪ ಕಳೆಯಿರಿ.

ಗೆರೆ ಬಿದ್ದ ಡಿಸ್ಕನ್ನು ಲೇತಿನಲ್ಲಿ ಕಡಿಸಬಹುದು, ಕಡಿಸಿದ ಮೇಲೂ ಆ ಮಿತಿಗಿಂತ ದಪ್ಪ ಉಳಿಯುವುದಾದರೆ ಮಾತ್ರ. ಇಲ್ಲದಿದ್ದರೆ ಎರಡೂ ಬದಿಗೆ ಹೊಸ ಡಿಸ್ಕ್.

ಬ್ರೇಕ್ ಮುಟ್ಟದಿದ್ದರೂ ಸದ್ದು

ಇದ್ದಕ್ಕಿದ್ದಂತೆ "ಕಿರ್ರ್ರ್" ಅಂತ ಕಿವಿ ಕೊರೆಯುವ ಸದ್ದು, ನಿನ್ನೆ ತನಕ ಇರಲಿಲ್ಲ. ಮೊನ್ನೆ ಜಲ್ಲಿ ಹಾಸಿದ ರಸ್ತೆಯಲ್ಲೋ ತೋಟದ ದಾರಿಯಲ್ಲೋ ಹೋಗಿದ್ದಿರಾ? ಡಿಸ್ಕಿನ ಹಿಂದೆ ತೆಳು ತಗಡಿನ ಒಂದು ಮುಚ್ಚಳ ಇರುತ್ತದೆ, ನೀರು, ಕೆಸರು ಸಿಡಿಯದಂತೆ ತಡೆಯಲು. ಅದಕ್ಕೂ ಡಿಸ್ಕಿಗೂ ನಡುವೆ ಸಣ್ಣ ಕಲ್ಲು ಸಿಕ್ಕಿದರೆ ಹೀಗಾಗುತ್ತದೆ. ಖಾಲಿ ಜಾಗದಲ್ಲಿ ನಿಧಾನಕ್ಕೆ ನಾಲ್ಕು ಸಲ ಹಿಂದೆ ಮುಂದೆ ಮಾಡಿ, ಎಷ್ಟೋ ಸಲ ತಾನೇ ಉದುರುತ್ತದೆ. ಉದುರದಿದ್ದರೆ ಚಕ್ರ ಬಿಚ್ಚಿ ಆ ತಗಡನ್ನು ಬೆರಳಿಂದ ಸ್ವಲ್ಪ ಹಿಂದಕ್ಕೆ ಬಾಗಿಸಿದರೆ ಸಾಕು. ಪಂಕ್ಚರ್ ಅಂಗಡಿಯಲ್ಲಿ ಟೈರ್ ಬಿಚ್ಚಿ ಹಾಕುವಾಗ ತಗಡು ಒಳಕ್ಕೆ ಬಾಗಿದ್ದರೂ ಇದೇ ಸದ್ದು, ಆದರೆ ಅದು "ಶ್... ಶ್..." ಅಂತ ಸುತ್ತಿಗೊಮ್ಮೆ ಬರುವುದು ಜಾಸ್ತಿ.

ಒಂದೇ ಸಮನೆ ಉಜ್ಜುವ ಸದ್ದು, ಜೊತೆಗೆ ಮೈಲೇಜ್ ಇಳಿದಿದೆ, ಕಾರು ಭಾರವಾಗಿ ಓಡುತ್ತಿದೆ ಅನ್ನಿಸಿದರೆ ಬ್ರೇಕ್ ಹಿಡಿದುಕೊಂಡಿದೆ. ಪರೀಕ್ಷೆ ಸುಲಭ. ಬ್ರೇಕ್ ಆದಷ್ಟು ಕಡಿಮೆ ಬಳಸಿ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಅಂಗೈ ಒಡ್ಡಿ ನೋಡಿ. ಡಿಸ್ಕನ್ನು ಮುಟ್ಟಬೇಡಿ, ಚರ್ಮ ಅಂಟಿಕೊಳ್ಳುವಷ್ಟು ಬಿಸಿ ಇರಬಹುದು. ಒಂದು ಚಕ್ರ ಮಾತ್ರ ಕುದಿಯುತ್ತಿದ್ದರೆ ಕಳ್ಳ ಸಿಕ್ಕಿದ. ಒಂದೇ ಚಕ್ರಕ್ಕೆ ಕಪ್ಪು ಬ್ರೇಕ್ ಪುಡಿ ಜಾಸ್ತಿ ಮೆತ್ತಿರುವುದೂ ಅದೇ ಕಥೆ. ಮುಂದಿನದಾದರೆ ಪಿನ್ ಇಲ್ಲವೇ ಪಿಸ್ಟನ್ ಹಿಡಿದಿದೆ. ಹಿಂದಿನದಾದರೆ ಹ್ಯಾಂಡ್ ಬ್ರೇಕ್ ಕೇಬಲ್ ತುಕ್ಕು ಹಿಡಿದು ವಾಪಸ್ ಹೋಗುತ್ತಿಲ್ಲ, ಅಥವಾ ಲೈನರನ್ನು ವಾಪಸ್ ಎಳೆಯುವ ಸ್ಪ್ರಿಂಗ್ ಸೋತಿದೆ.

ಇನ್ನು ಬೇರಿಂಗ್. ಇದರ ಸದ್ದು "ಊಂ..." ಅಂತ ಒಂದೇ ಶ್ರುತಿಯಲ್ಲಿ ಬಂದು, ವೇಗದ ಜೊತೆ ಏರುತ್ತದೆ. ಬ್ರೇಕ್ ಒತ್ತಿದರೂ ಬಿಟ್ಟರೂ ಅಷ್ಟೇ. ಖಾಲಿ ರಸ್ತೆಯಲ್ಲಿ ಸ್ಟೀರಿಂಗನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ತಿರುಗಿಸಿದರೆ ಸದ್ದು ಬದಲಾಗುತ್ತದೆ. ಬಲಕ್ಕೆ ತಿರುಗಿಸಿದಾಗ ಭಾರವೆಲ್ಲ ಎಡ ಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಜೋರಾದರೆ ಎಡಗಡೆಯ ಬೇರಿಂಗ್ ಮೇಲೆ ಅನುಮಾನ. ಪ್ಯಾಡ್ ಬದಲಿಸಿ ಹಣ ಕಳೆದುಕೊಳ್ಳುವ ಮೊದಲು ಇದೊಂದನ್ನು ನೋಡಿಬಿಡಿ.

ಟಕ್, ಕಟಕಟ

ಹಂಪ್, ಗುಂಡಿ ದಾಟುವಾಗ ಮುಂದಿನಿಂದ ಕಟಕಟ ಬರುತ್ತಿದೆಯಾ? ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಬ್ರೇಕನ್ನು ಬಹಳ ಮೆಲ್ಲಗೆ, ಸುಮ್ನೆ ತಾಗಿಸಿಟ್ಟುಕೊಂಡು ದಾಟಿ. ಸದ್ದು ನಿಂತರೆ ಅಲುಗಾಡುತ್ತಿರುವುದು ಪ್ಯಾಡ್ ಇಲ್ಲವೇ ಕ್ಯಾಲಿಪರ್. ಕ್ಲಿಪ್ ಬಿದ್ದಿದೆ, ಅಥವಾ ಪಿನ್ ಸವೆದು ಸಡಿಲಾಗಿದೆ. ಸದ್ದು ಹಾಗೇ ಇದ್ದರೆ ಸಸ್ಪೆನ್ಷನ್ ಕಡೆ ನೋಡಿ, ಲಿಂಕ್ ರಾಡ್, ಬುಷ್ಷು.

ಮುಂದಕ್ಕೆ ಹೋಗಿ ರಿವರ್ಸ್ ತೆಗೆದು ಬ್ರೇಕ್ ಒತ್ತಿದಾಗ ಒಂದೇ ಒಂದು ಸಣ್ಣ "ಟಿಕ್" ಬಂದರೆ ಪರವಾಗಿಲ್ಲ, ಪ್ಯಾಡ್ ತನ್ನ ಜಾಗದಲ್ಲಿ ಕೂದಲೆಳೆಯಷ್ಟು ಸರಿಯುತ್ತದೆ. ಆದರೆ ಪ್ರತಿ ಬ್ರೇಕಿಗೂ "ಢಕ್" ಅಂತ ಕಾಲಿಗೇ ಬಡಿದ ಹಾಗೆ ಬಂದರೆ ಸುಮ್ಮನಿರಬೇಡಿ. ಕ್ಯಾಲಿಪರ್ ಬೋಲ್ಟ್ ಸಡಿಲಾಗಿರಬಹುದು, ಲೋಯರ್ ಆರ್ಮ್ ಬುಷ್ ಹರಿದಿರಬಹುದು. ಇತ್ತೀಚೆಗೆ ಬ್ರೇಕ್ ಕೆಲಸ ಮಾಡಿಸಿದ್ದರೆ ಅಂದೇ ಹೋಗಿ ಬೋಲ್ಟ್ ಬಿಗಿ ಇದೆಯಾ ಅಂತ ನೋಡಿಸಿ. ಹಾಗೆಯೇ ಚಕ್ರದ ನಟ್ಟುಗಳನ್ನೂ.

ಬ್ರೇಕ್ ಒತ್ತಿದಾಗ ಸದ್ದಿಗಿಂತ ನಡುಕ ಜಾಸ್ತಿ, ಸ್ಟೀರಿಂಗ್ ಅಲ್ಲಾಡುತ್ತದೆ ಅಂದರೆ ಡಿಸ್ಕಿನ ದಪ್ಪ ಎಲ್ಲ ಕಡೆ ಸಮನಾಗಿಲ್ಲ. ಸೀಟು ನಡುಗಿದರೆ ಹಿಂದಿನ ಡ್ರಮ್ ದುಂಡಗಿಲ್ಲ. ಅಲಾಯ್ ಚಕ್ರವನ್ನು ನ್ಯೂಮ್ಯಾಟಿಕ್ ಗನ್ನಿನಲ್ಲಿ ಒಂದೇ ಕಡೆಯಿಂದ ಬಿಗಿದು ಡಿಸ್ಕ್ ಓರೆ ಕೂರಿಸಿದ ಉದಾಹರಣೆಗಳೂ ಉಂಟು. ನಟ್ಟುಗಳನ್ನು ಎದುರುಬದುರಿನ ಜೋಡಿಯಾಗಿ, ಸ್ವಲ್ಪ ಸ್ವಲ್ಪ ಬಿಗಿಯಬೇಕು.

ಹಿಂದಿನ ಡ್ರಮ್

ಡ್ರಮ್ ಮುಚ್ಚಿದ ಡಬ್ಬಿ. ಸವೆದ ಲೈನರಿನ ಪುಡಿಯೆಲ್ಲ ಅದರೊಳಗೇ ಉಳಿಯುತ್ತದೆ. ಮಳೆಗಾಲದ ತೇವಕ್ಕೆ ಆ ಪುಡಿ ಗಟ್ಟಿಯಾಗಿ ಕೀಚಲು ಸದ್ದು, ಬೆಳಗಿನ ಹೊತ್ತು ಬ್ರೇಕ್ ಗಪ್ಪನೆ ಹಿಡಿಯುವುದು, ಎರಡೂ ಶುರು. ಬಿಚ್ಚಿ ಕ್ಲೀನ್ ಮಾಡಿದರೆ ಹೆಚ್ಚಿನ ಸಲ ಮುಗಿಯಿತು. ಲೈನರ್ ಹಿಂದಿನ ತಗಡಿಗೆ ತಾಗಿ ಜಾರುವ ಜಾಗಗಳು ಒಣಗಿದ್ದರೆ ಪೆಡಲ್ ಒತ್ತಿದಾಗ, ಬಿಟ್ಟಾಗ, ನಿಂತ ಕಾರಿನಲ್ಲೂ "ಕಿಯ್ಞ್" ಅನ್ನುತ್ತದೆ. ಅಲ್ಲಿಗೆ ಚೂರೇ ಚೂರು ಬ್ರೇಕ್ ಗ್ರೀಸು, ಲೈನಿಂಗಿಗೆ ತಾಗದ ಹಾಗೆ.

ಆ ಪುಡಿಯನ್ನು ಬಾಯಲ್ಲಿ ಊದುವುದು, ಗಾಳಿ ಪೈಪ್ ಹಿಡಿಯುವುದು ಬೇಡವೇ ಬೇಡ. ಹಳೇ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಬ್ರೇಕ್ ಕ್ಲೀನರ್ ಹೊಡೆದು ಒದ್ದೆ ಮಾಡಿ ಬಟ್ಟೆಯಲ್ಲಿ ಒರೆಸಿ, ಮಾಸ್ಕ್ ಹಾಕಿಕೊಳ್ಳಿ.

ಬಿಚ್ಚಿದಾಗ, ಲೈನರನ್ನು ಡ್ರಮ್ಮಿಗೆ ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ತುದಿಯನ್ನು ಎತ್ತಿ ನೋಡಿ. ಒಳಗೆ ಎಣ್ಣೆ ಜಿನುಗಿದ್ದರೆ ಲೈನರ್ ಅದನ್ನು ಕುಡಿದಿರುತ್ತದೆ. ಸಿಲಿಂಡರೂ ಹೊಸದು, ಲೈನರೂ ಹೊಸದು, ಎರಡೂ ಬದಿಗೆ.

ಘಾಟಿ ಇಳಿದ ಮೇಲೆ

ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು, ಅಥವಾ ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿದು, ಕೆಳಗೆ ಬಂದಾಗ ಸುಟ್ಟ ವಾಸನೆ, ಗರಗರ ಸದ್ದು, ಮೆತ್ತಗಾದ ಪೆಡಲ್. ಕಾಲನ್ನು ಬ್ರೇಕಿನ ಮೇಲೇ ಇಟ್ಟು ಇಳಿದವರಿಗೆ ಇದು ಗೊತ್ತು. ಪೆಡಲ್ ಮೆತ್ತಗಾಗಿದ್ದರೆ ಬ್ರೇಕ್ ಆಯಿಲ್ ಒಳಗೆ ಕುದಿಯುತ್ತಿರಬಹುದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ದರ್ಜೆಯ ಆಯಿಲಿನ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್. ಶೇ. 3.7ರಷ್ಟು ನೀರು ಸೇರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದು ಇದಕ್ಕೇ.

ಇಂಥ ಹೊತ್ತಿನಲ್ಲಿ ಬದಿಗೆ ನಿಲ್ಲಿಸಿ ಆರಲು ಬಿಡಿ. ಹ್ಯಾಂಡ್ ಬ್ರೇಕ್ ಬಿಗಿದು ಎಳೆಯುವ ಬದಲು ಗೇರಿನಲ್ಲಿಟ್ಟು ಕಲ್ಲು ಕೊಡಿ. ನೀರು ಸುರಿಯಬೇಡಿ, ಕಾದ ಬೀಡು ಕಬ್ಬಿಣ ಬಿರುಕು ಬಿಡಬಹುದು. ಮುಂದಿನ ಸಲ ಎರಡನೇ ಗೇರಿನಲ್ಲಿ ಇಳಿಯಿರಿ, ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಊರು ಸೇರಿದ ಮೇಲೂ ಕೀಂಯ್ ಉಳಿದರೆ ಪ್ಯಾಡ್ ಸುಟ್ಟಿದೆ, ಬಿಚ್ಚಿಸಿ ನೋಡಿ.

ಪೆಡಲಿನ ಹತ್ತಿರ ಬುಸ್

ಒತ್ತಿದಾಗ ಸಣ್ಣಗೆ ಗಾಳಿ ಎಳೆದ ಸದ್ದು ಬಂದು ನಿಂತರೆ ಸಹಜ. ಒತ್ತಿ ಹಿಡಿದಷ್ಟು ಹೊತ್ತೂ ಬುಸ್ ಅನ್ನುತ್ತಿದ್ದರೆ, ಪೆಡಲೂ ಗಟ್ಟಿಯಾಗಿದ್ದರೆ, ಕಾಲಿನ ಒತ್ತಿಗೆ ಬಲ ಕೂಡಿಸುವ ಬೂಸ್ಟರ್ ಸೋರುತ್ತಿದೆ. ಎಂಜಿನ್ ಆಫ್ ಮಾಡಿ ಪೆಡಲನ್ನು ಗಟ್ಟಿಯಾಗುವ ತನಕ ನಾಲ್ಕೈದು ಸಲ ಒತ್ತಿ. ಕಾಲು ಅಲ್ಲೇ ಇಟ್ಟು ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರ್ ಅಥವಾ ಅದರ ಪೈಪು ನೋಡಿಸಬೇಕು.

ನೀವೇ ಬಿಚ್ಚಿ ನೋಡುವುದಾದರೆ

ಸಮತಟ್ಟು ಗಟ್ಟಿ ನೆಲ. ಎತ್ತದ ಚಕ್ರಗಳಿಗೆ ಕಲ್ಲು. ಜಾಕಿ ಏರಿಸುವ ಮೊದಲೇ ನಟ್ಟು ಸಡಿಲಿಸಿ. ಜಾಕಿ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಇಡಿ. ಬಿಚ್ಚಿದ ಚಕ್ರವನ್ನು ಬಾಡಿ ಕೆಳಗೆ ಮಲಗಿಸಿಟ್ಟರೆ ಅದೂ ಒಂದು ಆಸರೆ. ಕ್ಯಾಲಿಪರನ್ನು ಪೈಪಿನ ಮೇಲೆ ಜೋತಾಡಲು ಬಿಡದೆ ತಂತಿಯಲ್ಲಿ ಕಟ್ಟಿ.

ಬಾನೆಟ್ ತೆಗೆದು ಬ್ರೇಕ್ ಆಯಿಲ್ ಮಟ್ಟವನ್ನೂ ನೋಡಿ. ಪ್ಯಾಡ್ ಸವೆದಂತೆ ಮಟ್ಟ ನಿಧಾನಕ್ಕೆ ಇಳಿಯುವುದು ಸಹಜ. ಅದನ್ನು ಕಂಡು ತುಂಬಿಸಿಬಿಟ್ಟರೆ, ಹೊಸ ಪ್ಯಾಡಿಗಾಗಿ ಪಿಸ್ಟನ್ ಒಳಕ್ಕೆ ಒತ್ತಿದಾಗ ಉಕ್ಕಿ ಹೊರಚೆಲ್ಲಿ ಬಣ್ಣ ಕಿತ್ತುಬರುತ್ತದೆ. ಬೇಗ ಬೇಗ ಇಳಿದರೆ ಮಾತ್ರ ಎಲ್ಲೋ ಸೋರಿಕೆ.

ಕೆಲಸ ಮುಗಿದ ಮೇಲೆ ಕಾರು ಅಲುಗಾಡಿಸುವ ಮೊದಲು ಪೆಡಲನ್ನು ಗಟ್ಟಿಯಾಗುವ ತನಕ ಒತ್ತಿ ಒತ್ತಿ ಬಿಡಿ. ಪಿಸ್ಟನ್ ಹಿಂದಕ್ಕೆ ಹೋಗಿರುವುದರಿಂದ ಮೊದಲ ಒತ್ತು ನೇರ ನೆಲಕ್ಕೆ ಹೋಗುತ್ತದೆ. ಇದು ಮರೆತರೆ ಎದುರಿಗಿರುವುದು ಗೇಟೋ ಗೋಡೆಯೋ.

ಗ್ಯಾರೇಜಿನಲ್ಲಿ ಮಾಡಿಸಿದರೆ ಹಳೇ ಪ್ಯಾಡು ನಾಲ್ಕನ್ನೂ ಕೇಳಿ ಇಸ್ಕೊಳ್ಳಿ, ಯಾವುದು ಎಡದ್ದು, ಯಾವುದು ಬಲದ್ದು, ಯಾವುದು ಒಳಗಿನದು ಅಂತ ಗುರುತು ಹಾಕಿಸಿ. ಸಾಲಾಗಿ ಇಟ್ಟು ನೋಡಿ. ನಾಲ್ಕೂ ಹೆಚ್ಚುಕಡಿಮೆ ಸಮ ಸವೆದಿದ್ದರೆ ಪ್ಯಾಡ್ ಬದಲಿಸಿದ್ದು ಸಾಕು. ಒಂದು ಪ್ಯಾಡ್ ಒಂದೇ ಕಡೆಗೆ ಓರೆಯಾಗಿ ಸವೆದಿದ್ದರೆ, ಅಥವಾ ಒಳಗಿನದು ತೀರಾ ತೆಳುವಾಗಿದ್ದರೆ, "ಪಿನ್ ಫ್ರೀ ಇದೆಯಾ ನೋಡಿದ್ರಾ?" ಅಂತ ಅಲ್ಲೇ ಕೇಳಿ.

ಹೊಸ ಪ್ಯಾಡು ಮೊದಲ 200–300 ಕಿಮೀ ಸ್ವಲ್ಪ ಸದ್ದು ಮಾಡಬಹುದು, ಹಿಡಿತವೂ ತುಸು ಕಮ್ಮಿ ಅನ್ನಿಸಬಹುದು. ಡಿಸ್ಕಿನ ಜೊತೆ ಹೊಂದಿಕೊಳ್ಳಲು ಅಷ್ಟು ಬೇಕು. ಆ ತನಕ ತುರ್ತಿದ್ದರೆ ಹೊರತು ಗಕ್ಕನೆ ಬ್ರೇಕ್ ಹಾಕಬೇಡಿ, ಘಾಟಿ ಕಡೆ ಹೋಗುವ ಪ್ಲಾನ್ ಇದ್ದರೆ ಒಂದು ವಾರ ಮುಂದಕ್ಕೆ ಹಾಕಿ.